ಒಂದನೇ ತರಗತಿಗೆ ಬರುವ ಹಲ್ಲು

ಮಗು ಒಂದನೇ ತರಗತಿಗೆ ಸೇರುವ ವರ್ಷ ಮನೆಯಲ್ಲಿ ನೂರೆಂಟು ಗಡಿಬಿಡಿ. ಸಮವಸ್ತ್ರ ಹೊಲಿಸಬೇಕು, ಪುಸ್ತಕಗಳಿಗೆ ರಟ್ಟು ಹಾಕಬೇಕು, ವ್ಯಾನಿನವರ ಹತ್ತಿರ ಮಾತಾಡಬೇಕು. ಇದೇ ಹೊತ್ತಿನಲ್ಲಿ, ಆರು ವರ್ಷದ ಆಸುಪಾಸಿನಲ್ಲಿ, ಮಗುವಿನ ಬಾಯಿಯ ತೀರಾ ಹಿಂದೆ, ಹಾಲುಹಲ್ಲುಗಳ ಸಾಲು ಮುಗಿಯುವ ಜಾಗದಲ್ಲಿ, ಮೇಲೆ ಎರಡು ಕೆಳಗೆ ಎರಡು ಹೊಸ ದವಡೆಹಲ್ಲುಗಳು ವಸಡು ಸೀಳಿಕೊಂಡು ಹೊರಬರುತ್ತವೆ. ಮುಂದಿನ ಬಾಚಿಹಲ್ಲು ಅಲುಗಾಡಿದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ದಾರ ಕಟ್ಟಿ ಎಳೆಯುವ ಮಾವಂದಿರು, ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆಯಿಸುವ ಅಜ್ಜಿಯರು, ಬೊಕ್ಕುಬಾಯಿಯ ಫೋಟೊ ತೆಗೆಯುವ ಅಪ್ಪಂದಿರು, ಎಲ್ಲರೂ ಸೇರಿಕೊಳ್ಳುತ್ತಾರೆ. ದವಡೆಯ ಹಲ್ಲಿಗೆ ಈ ಸಂಭ್ರಮ ಇಲ್ಲ. ಅದು ಬರಲು ಯಾವ ಹಲ್ಲೂ ಬೀಳಬೇಕಾಗಿಲ್ಲವಾದ್ದರಿಂದ ಬಂದದ್ದೇ ಯಾರಿಗೂ ತಿಳಿಯುವುದಿಲ್ಲ.

ಗಮನಿಸಿದವರೂ ಅದನ್ನು ಹಾಲುಹಲ್ಲೆಂದೇ ತಿಳಿಯುತ್ತಾರೆ. ಎಂಟೊಂಬತ್ತು ವರ್ಷದ ಮಗುವನ್ನು ನೋವಿಗೆಂದು ಕರೆತಂದ ತಾಯಂದಿರು ದಂತವೈದ್ಯರ ಮುಂದೆ ಆಡುವ ಮಾತು ಹೆಚ್ಚುಕಡಿಮೆ ಒಂದೇ: ‘ಬಿದ್ದುಹೋಗೋ ಹಲ್ಲಲ್ವಾ ಡಾಕ್ಟ್ರೇ, ಕಿತ್ತುಬಿಡಿ.’ ಬಿದ್ದುಹೋಗುವ ಹಲ್ಲಲ್ಲ ಅದು. ಅರವತ್ತು ಎಪ್ಪತ್ತರ ವಯಸ್ಸಿನವರೆಗೂ ಅಗಿಯಲು ಬೇಕಾದ ಶಾಶ್ವತ ಹಲ್ಲು. ಮನೆಗೆ ಪಾಯದ ಮೂಲೆಗಲ್ಲು ಹೇಗೋ ಬಾಯಿಗೆ ಈ ನಾಲ್ಕು ಹಲ್ಲುಗಳು ಹಾಗೆ. ಉಳಿದ ಶಾಶ್ವತ ಹಲ್ಲುಗಳು ಸಾಲುಗೂಡುವುದು, ಮೇಲಿನ ಮತ್ತು ಕೆಳಗಿನ ದವಡೆ ಒಂದಕ್ಕೊಂದು ಕೂಡುವುದು ಇವುಗಳ ಆಸರೆಯಲ್ಲಿ. ಇಷ್ಟು ಮುಖ್ಯವಾದ ಹಲ್ಲೇ ಎಲ್ಲಕ್ಕಿಂತ ಬೇಗ ಹುಳುಕಾಗುತ್ತದೆ.

ಅದಕ್ಕೆ ಕಾರಣಗಳಿವೆ. ಈ ಹಲ್ಲಿನ ಮೇಲ್ಮೈಯಲ್ಲಿ ಆಳವಾದ ಗೀರುಗಳು, ಕುಳಿಗಳು ಇರುತ್ತವೆ. ಕೆಲವು ಗೀರುಗಳು ಬ್ರಷ್ಷಿನ ಒಂದು ಎಳೆಗಿಂತಲೂ ಕಿರಿದು. ಅಲ್ಲಿ ಸಿಕ್ಕಿಕೊಂಡ ಬಿಸ್ಕತ್ತಿನ ಹಿಟ್ಟು ಎಷ್ಟು ಉಜ್ಜಿದರೂ ಬರುವುದಿಲ್ಲ. ಹಲ್ಲು ಪೂರ್ತಿ ಮೇಲೆ ಬಂದು ಎದುರಿನ ಹಲ್ಲಿಗೆ ತಾಗಲು ಹಲವು ತಿಂಗಳು, ಕೆಲವು ಮಕ್ಕಳಲ್ಲಿ ವರ್ಷಕ್ಕೂ ಹೆಚ್ಚು ಬೇಕು. ಅಷ್ಟೂ ದಿನ ಅದು ಪಕ್ಕದ ಹಾಲುಹಲ್ಲಿಗಿಂತ ತಗ್ಗಿನಲ್ಲಿ, ಅರ್ಧ ವಸಡಿನ ಕೆಳಗೆ ಕೂತಿರುತ್ತದೆ. ಬ್ರಷ್ ಮೇಲಿನಿಂದಲೇ ಜಾರಿಹೋಗುತ್ತದೆ. ಹೊಸದಾಗಿ ಹುಟ್ಟಿದ ಹಲ್ಲಿನ ಹೊರಕವಚವಾದ ಎನಾಮಲ್ ಕೂಡ ಇನ್ನೂ ಬಲಿತಿರುವುದಿಲ್ಲ. ಬಾಯಿಗೆ ಬಂದ ಮೇಲೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗಬೇಕು. ಅಂದರೆ ಹಲ್ಲು ಅತಿ ಮೆತ್ತಗಿರುವ ಕಾಲ, ಬ್ರಷ್ ಮುಟ್ಟದ ಕಾಲ, ಮಗುವಿನ ಕೈಗೆ ಮೊದಲ ಸಲ ತಿಂಡಿ ಡಬ್ಬಿ ಬರುವ ಕಾಲ, ಮೂರೂ ಒಟ್ಟಿಗೇ ಬರುತ್ತವೆ. ಅದಕ್ಕೇ ಶಾಲೆಯ ಮೊದಲ ಎರಡು ಮೂರು ವರ್ಷ ಹಲ್ಲಿನ ಮಟ್ಟಿಗೆ ತುಂಬ ನಾಜೂಕಿನದು.

ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲೂ ಹನ್ನೆರಡು ವರ್ಷದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಕಂಡಿತ್ತು. ಹದಿನೈದರ ಹೊತ್ತಿಗೆ ಆ ಪ್ರಮಾಣ ಶೇ 60 ದಾಟಿತ್ತು. ಜಗತ್ತಿನಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲುಗಳು ಹುಳುಕಾಗಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಅಂದಾಜಿಸಿದೆ. ಇಷ್ಟು ಸಾಮಾನ್ಯವಾದದ್ದನ್ನು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ ಎನ್ನುವುದೇ ನನಗೆ ಹೆಚ್ಚು ಬೇಸರ ತರುವ ಸಂಗತಿ.

ಹಾಲುಹಲ್ಲಿನ ವಿಷಯಕ್ಕೂ ‘ಹೇಗೂ ಬೀಳುತ್ತೆ’ ಎಂಬ ಮಾತು ಸಲ್ಲದು. ಇಪ್ಪತ್ತು ಹಾಲುಹಲ್ಲುಗಳಲ್ಲಿ ಹಿಂದಿನ ದವಡೆಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡು ವರ್ಷದ ನಡುವೆ. ಐದನೇ ವಯಸ್ಸಿಗೆ ಹುಳುಕಾದ ಹಲ್ಲನ್ನು ಮಗು ಇನ್ನೂ ಐದಾರು ವರ್ಷ ಬಾಯಲ್ಲಿಟ್ಟುಕೊಂಡೇ ಓಡಾಡಬೇಕು. ಹುಳುಕು ಒಳಗಿನ ನರಕ್ಕೆ ತಲುಪಿದರೆ ಕೀವು, ಕೆನ್ನೆ ಊತ, ಜ್ವರ. ಅವಧಿಗೆ ಮುಂಚೆ ಕಿತ್ತರೆ ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲಿ, ಕೆಳಗೆ ಕಾಯುತ್ತಿರುವ ಶಾಶ್ವತ ಹಲ್ಲಿಗೆ ದಾರಿ ಇಲ್ಲದಂತಾಗಿ ಅದು ಸೊಟ್ಟಗೆ ಬರುತ್ತದೆ. ಮುಂದೆ ಹದಿಮೂರನೇ ವಯಸ್ಸಿಗೆ ತಂತಿ ಕಟ್ಟಿಸಲು ಹತ್ತಾರು ಸಾವಿರ ಸುರಿಯುವ ಎಷ್ಟೋ ಮನೆಗಳ ಕಥೆ ಹೀಗೆಯೇ ಶುರುವಾಗಿರುತ್ತದೆ.

ಹಲ್ಲುನೋವಿನ ಮಗು ಹಲ್ಲುನೋವು ಎಂದು ಹೇಳುವುದು ಕಡಿಮೆ. ಒಂದೇ ಬದಿಯಲ್ಲಿ ಅಗಿಯುತ್ತದೆ, ಚಪಾತಿ ಬೇಡ ಅನ್ನ ಸಾಕು ಎನ್ನುತ್ತದೆ, ಡಬ್ಬಿಯನ್ನು ಅರ್ಧ ತಿಂದು ತರುತ್ತದೆ, ರಾತ್ರಿ ಹೊರಳಾಡುತ್ತದೆ, ಮರುದಿನ ತರಗತಿಯಲ್ಲಿ ತೂಕಡಿಸುತ್ತದೆ. ಇದನ್ನು ಹಟ, ಸೋಮಾರಿತನ, ಗಮನವಿಲ್ಲ ಎಂದೆಲ್ಲ ಬೈಯುವ ಮುಂಚೆ ಮಗುವಿನ ಬಾಯಿ ತೆರೆಸಿ ನೋಡಬೇಕು. ಮೊಬೈಲ್ ಟಾರ್ಚು ಸಾಕು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಹಿಂದಕ್ಕೆ ವಾಲಿಸಿದರೆ ಕೊನೆಯ ಹಲ್ಲಿನವರೆಗೆ ಕಾಣುತ್ತದೆ. ವಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹಂತ, ಇನ್ನೂ ವಾಪಸು ಬರಬಹುದಾದ ಹಂತ. ಕಂದು, ಕಪ್ಪು ಕುಳಿ ಕಂಡರೆ ವೈದ್ಯರ ಬಳಿ ಹೋಗಬೇಕು.

ಬಾಯಿಯ ಒಳಗೆ ನಡೆಯುವುದು ಇಷ್ಟು. ಹಲ್ಲಿನ ಮೇಲೆ ಅಂಟಿದ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅವು ಆಮ್ಲ ತಯಾರಿಸುತ್ತವೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಮಟ್ಟ 5.5ಕ್ಕಿಂತ ಕೆಳಗೆ ಹೋದರೆ ಎನಾಮಲ್‌ನಿಂದ ಖನಿಜ ಕರಗಿ ಹೊರಬರುತ್ತದೆ. ಆಮೇಲೆ ಜೊಲ್ಲು ಆಮ್ಲವನ್ನು ತೊಳೆದು, ಕಳೆದ ಖನಿಜವನ್ನು ಮತ್ತೆ ತುಂಬುತ್ತದೆ. ಹೀಗೆ ಹಳೆಯ ಸ್ಥಿತಿಗೆ ಮರಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಈ ಇಳಿತ ಏರಿಕೆಯನ್ನು ಅಳೆದು ರೇಖೆಯಾಗಿ ಬರೆದರು. ದಂತ ವೈದ್ಯಕೀಯ ಓದುವವರೆಲ್ಲ ಇಂದಿಗೂ ಅದನ್ನು ಕಲಿಯುತ್ತಾರೆ. ಜೊಲ್ಲಿಗೆ ಬಿಡುವು ಸಿಕ್ಕರೆ ಹಲ್ಲು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಬಿಡುವೇ ಸಿಗದಿದ್ದರೆ ಕರಗುವುದೊಂದೇ ಉಳಿಯುತ್ತದೆ.

ಈಗ ನಮ್ಮ ಊರುಗಳ ಒಂದು ಮಗುವಿನ ದಿನವನ್ನು ನೋಡಿ. ಬೆಳಿಗ್ಗೆ ಸಕ್ಕರೆ ಹಾಕಿದ ಹಾಲು, ಜೊತೆಗೆ ಅದ್ದಿ ತಿನ್ನಲು ಎರಡು ಬಿಸ್ಕತ್ತು. ಸ್ವಲ್ಪ ಹೊತ್ತಿಗೆ ತಿಂಡಿ. ವ್ಯಾನಿನಲ್ಲಿ ಗೆಳೆಯ ಕೊಟ್ಟ ಜೆಲ್ಲಿ. ಹತ್ತೂವರೆಯ ಬಿಡುವಿಗೆ ಕ್ರೀಮ್ ಬಿಸ್ಕತ್ತು. ಮಧ್ಯಾಹ್ನ ಊಟ, ಆಮೇಲೆ ಯಾರದೋ ಹುಟ್ಟುಹಬ್ಬದ ಚಾಕೊಲೇಟು. ನಾಲ್ಕು ಗಂಟೆಗೆ ಬೇಕರಿಯ ಬನ್ನು. ಟ್ಯೂಷನ್ನಿಗೆ ಹೋಗುವಾಗ ಐದು ರೂಪಾಯಿಯ ಚಿಪ್ಸ್ ಪೊಟ್ಟಣ. ಮಲಗುವ ಮುಂಚೆ ಮಾಲ್ಟ್ ಪುಡಿ ಕಲಸಿದ ಹಾಲು. ಒಟ್ಟು ಸಕ್ಕರೆ ಅಷ್ಟೇನೂ ಅಲ್ಲ ಎಂದು ತಾಯಿಗೆ ಅನಿಸಬಹುದು. ಆದರೆ ಎಂಟೊಂಬತ್ತು ಸಲ ಆಮ್ಲ ಏರಿದೆ, ಜೊಲ್ಲಿಗೆ ನೆಟ್ಟಗೆ ಎರಡು ಗಂಟೆಯ ಬಿಡುವೂ ಸಿಕ್ಕಿಲ್ಲ. ಚಿಪ್ಸ್ ಸಿಹಿಯಲ್ಲ ನಿಜ. ಆದರೆ ಅದರ ಪಿಷ್ಟ ಬೆಂದು ಅಂಟಾಗಿ ದವಡೆಯ ಗೀರುಗಳಲ್ಲಿ ಕೂತು, ನಿಧಾನವಾಗಿ ಸಕ್ಕರೆಯಾಗಿ ಒಡೆಯುತ್ತದೆ.

ಎಷ್ಟು ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎನ್ನುವುದು ಹಲ್ಲಿಗೆ ಮುಖ್ಯ ಎಂಬ ತಿಳಿವಳಿಕೆ ಬಂದ ದಾರಿ ನೋವಿನದು. ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದ ಕೊನೆಯ ವರ್ಷಗಳಲ್ಲಿ ಬುದ್ಧಿಮಾಂದ್ಯರಾದ ಒಳರೋಗಿಗಳಿಗೆ ಬೇರೆ ಬೇರೆ ರೀತಿಯಲ್ಲಿ ಸಕ್ಕರೆ ಕೊಟ್ಟು ನೋಡಿದರು. ಊಟದ ಜೊತೆಗೇ ಸಕ್ಕರೆ ಪಡೆದವರಲ್ಲಿ ಹುಳುಕು ಹೆಚ್ಚೇನೂ ಏರಲಿಲ್ಲ. ಊಟಗಳ ನಡುವೆ ಅಂಟು ಟಾಫಿ ತಿಂದವರ ಹಲ್ಲುಗಳು ಹಾಳಾದವು. ಒಪ್ಪಿಗೆ ಕೊಡಲೂ ಆಗದ, ಬೇಡ ಎನ್ನಲೂ ಆಗದ ಜನರ ಹಲ್ಲು ಕೆಡಿಸಿ ಪಡೆದ ಜ್ಞಾನ ಅದು. ಇವತ್ತು ಯಾವ ದೇಶವೂ ಅಂಥದ್ದಕ್ಕೆ ಅನುಮತಿ ಕೊಡುವುದಿಲ್ಲ. ಅವರು ತೆತ್ತ ಬೆಲೆಯಿಂದ ಸ್ವೀಡನ್ ಒಂದು ಪಾಠ ಕಲಿಯಿತು: ಅಲ್ಲಿ ಮಕ್ಕಳಿಗೆ ಸಿಹಿ ಶನಿವಾರಕ್ಕೆ ಮಾತ್ರ ಎಂಬ ರೂಢಿ ಬೆಳೆಯಿತು. ನಾವು ಕಲಿಯದೆ ಬಿಟ್ಟರೆ ಅನ್ಯಾಯ.

ಹಾಗೆಂದು ಹಬ್ಬದ ಮನೆಯಲ್ಲಿ ಮಗುವಿನ ಎಲೆಯಿಂದ ಹೋಳಿಗೆ ಕಿತ್ತುಕೊಳ್ಳಬೇಕಾಗಿಲ್ಲ. ಊಟದ ಜೊತೆ ತಿಂದ ಹೋಳಿಗೆ, ಪಾಯಸಗಳಿಗೆ ಜೊಲ್ಲು ಹೇರಳವಾಗಿ ಸಿಗುತ್ತದೆ, ಊಟದ ಕೊನೆಗೆ ಮಜ್ಜಿಗೆಯೂ ಇರುತ್ತದೆ. ತೊಂದರೆ ಇರುವುದು ಸಂಕ್ರಾಂತಿ ಕಳೆದ ಮೇಲೆ ವಾರಗಟ್ಟಲೆ ಡಬ್ಬದಲ್ಲಿ ಉಳಿಯುವ ಸಕ್ಕರೆ ಅಚ್ಚಿನಲ್ಲಿ, ಹೋಗುತ್ತಾ ಬರುತ್ತಾ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳುವುದರಲ್ಲಿ. ತಿಂಡಿ ಡಬ್ಬಿಗೆ ಹುರಿದ ಕಡಲೆಬೀಜ, ಹುರಿಗಡಲೆ, ಸೌತೆಕಾಯಿ, ಸೀಬೆಹಣ್ಣು, ಬೇಯಿಸಿದ ಮೊಟ್ಟೆ, ಉಸಲಿ ಹಾಕಿ ಕಳಿಸಬಹುದು. ಚಕ್ಕುಲಿ, ಕೋಡುಬಳೆಯಲ್ಲೂ ಪಿಷ್ಟವಿದೆ, ಆದರೂ ಕ್ರೀಮ್ ಬಿಸ್ಕತ್ತಿಗಿಂತ ವಾಸಿ. ಬೆಳಿಗ್ಗೆ ಆರಕ್ಕೆ ಎದ್ದು ಕೆಲಸಕ್ಕೆ ಹೊರಡುವ ಅಮ್ಮನಿಗೆ ಬಿಸ್ಕತ್ತಿನ ಪೊಟ್ಟಣ ಎಷ್ಟು ಅನುಕೂಲ ಎಂಬುದು ನನಗೆ ಗೊತ್ತು. ಹಿಂದಿನ ರಾತ್ರಿಯೇ ಡಬ್ಬಿಗೆ ಹಾಕಿಡಬಹುದಾದ ಕಡಲೆಬೀಜವನ್ನು ಮೊದಲು ಹೇಳಿದ್ದು ಅದಕ್ಕೇ. ಶಾಲೆಗಳು ಹುಟ್ಟುಹಬ್ಬಕ್ಕೆ ಚಾಕೊಲೇಟಿನ ಬದಲು ಪೆನ್ಸಿಲ್ಲೋ ತರಗತಿಗೊಂದು ಪುಸ್ತಕವೋ ತನ್ನಿ ಎಂದು ಹೇಳುವುದು ಕಷ್ಟವೇನಲ್ಲ. ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯ ಬಿಸಿ ಹಾಲು ಇದೆ. ಅದು ಮಕ್ಕಳಿಗೆ ಬೇಕೇ ಬೇಕು, ಹಾಲು ಹಲ್ಲಿಗೂ ಒಳ್ಳೆಯದು. ಸಕ್ಕರೆ ಬೆರೆಸಿದ ಹಾಲಾದರೆ ಲೋಟ ಖಾಲಿ ಮಾಡಿದ ಮೇಲೆ ನೀರು ಮುಕ್ಕಳಿಸಿದರೆ ಆಯಿತು.

ಇನ್ನು ಹಲ್ಲುಜ್ಜುವುದು. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಹಲ್ಲುಜ್ಜದೆ ಮಗು ಒಲೆಯ ಹತ್ತಿರ ಬರುವಂತಿಲ್ಲ; ಆ ಶಿಸ್ತು ದೊಡ್ಡದು. ಆದರೆ ರಾತ್ರಿಯ ಹಲ್ಲುಜ್ಜುವಿಕೆ ನಮ್ಮಲ್ಲಿ ಬೇರೂರಲೇ ಇಲ್ಲ. ಹಲ್ಲಿನ ದೃಷ್ಟಿಯಿಂದ ಒಂದನ್ನೇ ಆರಿಸಬೇಕೆಂದರೆ ಆರಿಸಬೇಕಾದದ್ದು ರಾತ್ರಿಯದು. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ. ಹತ್ತು ಗಂಟೆಗೆ ಹಲ್ಲಿಗೆ ಅಂಟಿದ ಸಿಹಿ ಹಾಲು ಬೆಳಗಿನ ಆರರವರೆಗೆ ಯಾರ ಅಡ್ಡಿಯೂ ಇಲ್ಲದೆ ಕೆಲಸ ಮಾಡುತ್ತಿರುತ್ತದೆ. ಹಾಲು ಕುಡಿಯಲಿ, ಆಮೇಲೆ ಹಲ್ಲುಜ್ಜಲಿ, ಆಮೇಲೆ ನೀರು ಬಿಟ್ಟು ಬೇರೇನೂ ಬೇಡ. ಕೆಮ್ಮಿನ ಸಿರಪ್ಪಿಗೂ ಇದೇ ಮಾತು. ಹೆಚ್ಚಿನವುಗಳಲ್ಲಿ ಸಕ್ಕರೆ ಪಾಕ ಇರುತ್ತದೆ.

ಉಜ್ಜುವ ಕೈ ದೊಡ್ಡವರದಾಗಿರಬೇಕು. ಏಳೆಂಟು ವರ್ಷದವರೆಗೆ ಮಗುವಿನ ಬೆರಳುಗಳಿಗೆ ಹಿಂಬದಿಯ ಹಲ್ಲನ್ನು ಚೊಕ್ಕ ಮಾಡುವ ಹಿಡಿತ ಬಂದಿರುವುದಿಲ್ಲ. ‘ನಮ್ಮ ಪಾಪು ತಾನೇ ಬ್ರಷ್ ಮಾಡ್ಕೊಳ್ತಾನೆ’ ಎಂಬ ಹೆಮ್ಮೆ ಬೇಡ ಎನ್ನುವುದಿಲ್ಲ. ಅವನು ಮಾಡಿದ ಮೇಲೆ ಅಮ್ಮನೋ ಅಪ್ಪನೋ ಅಜ್ಜನೋ ಇನ್ನೊಂದು ಸಲ ಉಜ್ಜಬೇಕು. ಆರು ವರ್ಷದ ಆ ದವಡೆಹಲ್ಲಿಗೆ ಬ್ರಷ್ಷನ್ನು ಉದ್ದಕ್ಕೆ ಹಿಡಿಯದೆ, ಕೆನ್ನೆಯ ಕಡೆಯಿಂದ ಅಡ್ಡಕ್ಕೆ ತಿರುಗಿಸಿ ತಗ್ಗಿನಲ್ಲಿರುವ ಹಲ್ಲಿನ ಮೇಲೆ ಇಡಬೇಕು. ಫ್ಲೋರೈಡ್ ಇರುವ ಪೇಸ್ಟು ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಹಾಕುವ ಪೇಸ್ಟು ಮಕ್ಕಳಿಗಲ್ಲ. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ನೀರು ಹಾಕಿ ಮೂರು ಸಲ ಮುಕ್ಕಳಿಸಿದರೆ ಹಲ್ಲಿನ ಮೇಲೆ ನಿಲ್ಲಬೇಕಾದ ಫ್ಲೋರೈಡ್ ಚರಂಡಿಗೆ ಹೋಗುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪಿನ ಹರಳು ಎನಾಮಲ್ ಸವೆಸುತ್ತವೆ; ಮಕ್ಕಳ ಹಲ್ಲಿಗೆ ಬೇಡವೇ ಬೇಡ.

ಫ್ಲೋರೈಡ್ ಎಂದೊಡನೆ ಕರ್ನಾಟಕದಲ್ಲಿ ಹೆದರಿಕೆ ಹುಟ್ಟುವುದಕ್ಕೆ ಕಾರಣವಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳ, ಕೋಲಾರ ಮತ್ತು ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಹುಟ್ಟಿನಿಂದ ಎಂಟು ವರ್ಷದವರೆಗೆ, ಮಿತಿ ಮೀರಿದ ಫ್ಲೋರೈಡ್ ಹೊಟ್ಟೆಗೆ ಹೋದರೆ ಶಾಶ್ವತ ಹಲ್ಲುಗಳು ಬಿಳಿ ಮಚ್ಚೆ, ಕಂದು ಪಟ್ಟೆಗಳೊಂದಿಗೆ ಹುಟ್ಟುತ್ತವೆ. ಉಜ್ಜಿದರೆ ಆ ಕಲೆ ಹೋಗುವುದಿಲ್ಲ. ಇದನ್ನು ತಿಳಿಯದ ಮೇಷ್ಟ್ರು ‘ಹಲ್ಲುಜ್ಜಲ್ವೇನೋ’ ಎಂದು ತರಗತಿಯ ಮುಂದೆ ಗದರಿದರೆ ಆ ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿಯುತ್ತಾನೆ. ಆ ಸೀಮೆಯ ಪ್ರತಿ ಶಿಕ್ಷಕರಿಗೂ ಈ ಒಂದು ಸಂಗತಿ ತಿಳಿದಿರಬೇಕು. ಅಲ್ಲಿನ ಮಕ್ಕಳಿಗೆ ಬೇಕಾದದ್ದು ಶುದ್ಧ ನೀರಿನ ಘಟಕದ ನೀರು, ಕುಡಿಯಲು ಮಾತ್ರವಲ್ಲ, ಬಿಸಿಯೂಟದ ಅಡುಗೆಗೂ. ಅಂಥ ಊರುಗಳಲ್ಲಿ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟು ಎಂಬುದನ್ನು ದಂತವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಆದರೆ ಕಾವೇರಿ ನೀರು ಕುಡಿಯುವ ಬೆಂಗಳೂರಿನ ಮನೆಯವರು ಪಾವಗಡದ ಸುದ್ದಿ ಓದಿ ಫ್ಲೋರೈಡ್ ಇಲ್ಲದ ಪೇಸ್ಟು ತರುವುದು ತಪ್ಪು ಲೆಕ್ಕ. ನದಿ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ; ಆ ಮಕ್ಕಳಿಗೆ ಪೇಸ್ಟಿನ ಫ್ಲೋರೈಡೇ ಕಾವಲು.

ಶಾಲೆ ಏನು ಮಾಡಬಹುದು ಎಂದು ಕೇಳಿದರೆ ಸ್ಕಾಟ್ಲೆಂಡಿನತ್ತ ನೋಡಬಹುದು. ಅಲ್ಲಿ ಚೈಲ್ಡ್‌ಸ್ಮೈಲ್ ಎಂಬ ಕಾರ್ಯಕ್ರಮದಲ್ಲಿ ನರ್ಸರಿ ಮಕ್ಕಳು ಪ್ರತಿದಿನ ಶಿಕ್ಷಕಿಯರ ಕಣ್ಣೆದುರು ಹಲ್ಲುಜ್ಜುತ್ತಾರೆ. ಈ ಶತಮಾನದ ಆರಂಭದಲ್ಲಿ ಆ ದೇಶದಲ್ಲಿ ಶಾಲೆ ಸೇರುವ ಮಕ್ಕಳಲ್ಲಿ ಹುಳುಕಿಲ್ಲದವರು ಅರ್ಧಕ್ಕಿಂತ ಕಡಿಮೆ ಇದ್ದರು. ಎರಡು ದಶಕಗಳಲ್ಲಿ ಮುಕ್ಕಾಲು ಭಾಗದ ಹತ್ತಿರ ಬಂದರು. ಶ್ರೀಮಂತ ದೇಶ ಎನ್ನುವುದಾದರೆ ಫಿಲಿಪ್ಪೀನ್ಸ್ ಇದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೈ ತೊಳೆಯುವುದು, ಹಲ್ಲುಜ್ಜುವುದು ದಿನದ ವೇಳಾಪಟ್ಟಿಯಲ್ಲೇ ಸೇರಿತು. ನಮ್ಮಲ್ಲಿ ಬಿಸಿಯೂಟಕ್ಕೆ ಮಕ್ಕಳು ಸಾಲಾಗಿ ನಿಂತು ಕೈ ತೊಳೆಯುವ ಅಭ್ಯಾಸ ಈಗಾಗಲೇ ಇದೆ. ಊಟವಾದ ಮೇಲೆ ತಟ್ಟೆ ತೊಳೆಯುವ ಅದೇ ನಲ್ಲಿಯ ಬಳಿ ಜೋರಾಗಿ ಬಾಯಿ ಮುಕ್ಕಳಿಸುವುದನ್ನು ಸೇರಿಸಲು ಹಣ ಬೇಡ, ಆದೇಶ ಬೇಡ, ಒಬ್ಬ ಟೀಚರು ನಿಂತು ನೋಡಿದರೆ ಸಾಕು. ಅಂಗನವಾಡಿಯಲ್ಲಿ ದಿನಕ್ಕೊಮ್ಮೆ ಬ್ರಷ್ ಮಾಡಿಸುವುದನ್ನೂ ಸರ್ಕಾರ ಗಂಭೀರವಾಗಿ ಯೋಚಿಸಬೇಕು ಎಂದು ನಾನು ನಂಬುತ್ತೇನೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದು. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ತಂಡದಲ್ಲಿ ದಂತವೈದ್ಯರಿರುವುದಿಲ್ಲ, ಹುಳುಕು ಕಂಡ ಮಗುವಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದು ಕೊಡುತ್ತಾರೆ. ಆ ಚೀಟಿ ಶಾಲೆಯ ಚೀಲದ ತಳದಲ್ಲಿ ಕೊಳೆಯುವುದೇ ಹೆಚ್ಚು. ಕೂಲಿ ಬಿಟ್ಟು, ಬಸ್ಸು ಹತ್ತಿ, ನೋವೇ ಇಲ್ಲದ ಹಲ್ಲಿಗಾಗಿ ಆಸ್ಪತ್ರೆಗೆ ಯಾರು ಹೋಗುತ್ತಾರೆ? ಹೋಗಬೇಕಾದದ್ದು ನೋವಿಲ್ಲದಾಗಲೇ. ಆಗ ಕೆಲಸ ಚಿಕ್ಕದು. ದವಡೆಹಲ್ಲಿನ ಗೀರುಗಳಿಗೆ ತೆಳುವಾದ ರಾಳದ ಲೇಪ ತುಂಬಿ ಮುಚ್ಚಿಬಿಡಬಹುದು, ಸೀಲೆಂಟ್ ಎನ್ನುತ್ತಾರೆ. ಸೂಜಿ ಇಲ್ಲ, ಕೊರೆಯುವ ಯಂತ್ರದ ಸದ್ದಿಲ್ಲ, ಹಲ್ಲಿಗೆ ಕೆಲವು ನಿಮಿಷ ಸಾಕು. ಈಗಾಗಲೇ ಕುಳಿ ಬಿದ್ದಿರುವ ಹಾಲುಹಲ್ಲಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣ ಹಚ್ಚಿ ಹುಳುಕನ್ನು ಅಲ್ಲಿಗೇ ನಿಲ್ಲಿಸಬಹುದು. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದನ್ನು ಪೋಷಕರಿಗೆ ಮೊದಲೇ ಹೇಳಬೇಕು. ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ದಂತ ವೈದ್ಯಕೀಯ ಕಾಲೇಜುಗಳಿರುವ ಊರಿನವರಿಗೆ ಇನ್ನೂ ಅನುಕೂಲ. ಅವುಗಳ ಮಕ್ಕಳ ವಿಭಾಗದಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಇದೆಲ್ಲ ಆಗುತ್ತದೆ. ದಸರಾ ರಜೆಗೆ ಒಮ್ಮೆ, ಬೇಸಿಗೆ ರಜೆಗೆ ಒಮ್ಮೆ ತೋರಿಸುವುದೆಂದು ಇಟ್ಟುಕೊಂಡರೆ ಪಾಠವೂ ತಪ್ಪುವುದಿಲ್ಲ.

ಹನ್ನೆರಡಕ್ಕೆ ಎರಡನೇ ದವಡೆಹಲ್ಲು ಬರುತ್ತದೆ, ಅದಕ್ಕೂ ಇದೇ ಎಚ್ಚರ. ಹೈಸ್ಕೂಲಿಗೆ ಬಂದ ಮಕ್ಕಳಿಗೆ ಬೇರೊಂದು ಅಪಾಯ ಕಾದಿರುತ್ತದೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. ಆದರೂ ಗೂಡಂಗಡಿಯಲ್ಲಿ ಅಡಿಕೆ ಚೂರಿನ ಪೊಟ್ಟಣಗಳು ತೂಗುತ್ತಿರುತ್ತವೆ. ಅವನ್ನು ಜಗಿಯುವ ಹುಡುಗ ಬಾಯಿ ಅಗಲಿಸಲು ಕಷ್ಟಪಡುತ್ತಿದ್ದರೆ, ಖಾರ ತಿಂದರೆ ಉರಿ ಎನ್ನುತ್ತಿದ್ದರೆ ತಡಮಾಡದೆ ತೋರಿಸಿ.

ಕೊನೆಗೆ ಆಟದ ಮೈದಾನದ ಮಾತು, ದೈಹಿಕ ಶಿಕ್ಷಕರು ಗಮನಿಸಬೇಕಾದ್ದು. ಕಬಡ್ಡಿಯಲ್ಲೋ ಮೆಟ್ಟಿಲ ಮೇಲೋ ಬಿದ್ದು ಮುಂದಿನ ಶಾಶ್ವತ ಹಲ್ಲು ಬೇರು ಸಮೇತ ಕಿತ್ತು ಬಂದರೆ ಅದನ್ನು ಎಸೆಯಬೇಡಿ, ಕಾಗದದಲ್ಲಿ ಸುತ್ತಬೇಡಿ. ಬಿಳಿಯ ಭಾಗವನ್ನು ಮಾತ್ರ ಹಿಡಿದುಕೊಳ್ಳಿ, ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ನೀರಿನಲ್ಲಿ ಕೆಲವೇ ಕ್ಷಣ ಅದ್ದಿ, ಸಾಧ್ಯವಾದರೆ ಅದೇ ಗುಳಿಯಲ್ಲಿ ಕೂರಿಸಿ, ಮಗುವಿಗೆ ಕರವಸ್ತ್ರ ಕಚ್ಚಿಕೊಳ್ಳಲು ಹೇಳಿ. ಕೂರಿಸಲು ಧೈರ್ಯ ಬಾರದಿದ್ದರೆ ಎದುರಿನ ಅಂಗಡಿಯಿಂದ ತಣ್ಣಗಿನ ನಂದಿನಿ ಹಾಲಿನ ಪೊಟ್ಟಣ ತರಿಸಿ, ಲೋಟದಲ್ಲಿ ಸುರಿದು ಹಲ್ಲನ್ನು ಅದರಲ್ಲಿ ಹಾಕಿ. ಅರ್ಧ ಗಂಟೆಯೊಳಗೆ, ತಡವೆಂದರೆ ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿದರೆ ಆ ಹಲ್ಲು ಮತ್ತೆ ಹಿಡಿದುಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ. ಕಿತ್ತು ಬಂದದ್ದು ಹಾಲುಹಲ್ಲಾದರೆ ಮಾತ್ರ ವಾಪಸು ಕೂರಿಸಬಾರದು, ಕೆಳಗಿರುವ ಮೊಳಕೆ ಹಲ್ಲಿಗೆ ಪೆಟ್ಟಾದೀತು. ಆಗಲೂ ಮಗುವನ್ನು ಅವತ್ತೇ ವೈದ್ಯರಿಗೆ ತೋರಿಸಬೇಕು.